ಕುಂಬಳೆಯ ತಾರಸಿಯಲ್ಲಿ ಬೇಸಗೆಯ ತರಕಾರಿ

ಮೂರು ಬೇಸಗೆಗಳ ಹಿಂದೆ, ಕಾಸರಗೋಡು ಜಿಲ್ಲೆಯ ಕುಂಬಳೆಯ ನಮ್ಮ ಮನೆಯ ತಾರಸಿಯಲ್ಲಿ ಕರಿಯ ಪ್ಲಾಸ್ಟಿಕ್ ಕುಂಡಗಳಲ್ಲಿ ನೆಟ್ಟಿದ್ದ ಬದನೆ ಗಿಡಗಳು ಮಾರ್ಚ್ ಕೊನೆಯ ಹೊತ್ತಿಗೆ ಒಂದೊಂದಾಗಿ ಬಾಡತೊಡಗಿದಾಗ, ನೀರು ಸಾಲದೆಂದು ಭಾವಿಸಿ ದಿನಕ್ಕೆ ಮೂರು ಸಲ ನೀರೆರೆದೆ. ಅವು ಮತ್ತಷ್ಟು ಬಾಡಿದವು. ಒಂದು ಗಿಡವನ್ನು ಕಿತ್ತು ನೋಡಿದರೆ, ಕುಂಡದ ಪಡುವಣ ಬದಿಗೆ ತಾಗಿದ್ದ ಬೇರುಗಳು ಕಂದಾಗಿ ಮೆತ್ತಗಾಗಿದ್ದವು; ಮೂಡಣ ಬದಿಯವು ಇನ್ನೂ ಬೆಳ್ಳಗಿದ್ದವು. ಅಪರಾಹ್ನದ ಬಿಸಿಲಿಗೆ ಬೇರು ಬೆಂದಿತ್ತು, ನಾನು ಸುರಿದ ನೀರು ಅದನ್ನು ಕೊಳೆಯಿಸಿತ್ತು.

ನೆಲದಲ್ಲಿರುವ ಗಿಡಕ್ಕೆ ಈ ಕಷ್ಟವಿಲ್ಲ, ಏಕೆಂದರೆ ಗೇಣುದ್ದ ಕೆಳಗೆ ಮಣ್ಣು ತಂಪಾಗಿಯೇ ಇರುತ್ತದೆ. ಎಲೆಯಾದರೋ ನೀರನ್ನು ಆವಿಯಾಗಿಸಿ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಸುತ್ತಲಿಂದಲೂ ಅಡಿಯ ಕಾಂಕ್ರೀಟಿನಿಂದಲೂ ಕಾಯುವ ಕುಂಡದೊಳಗಿನ ಬೇರಿಗೆ ಅಂಥ ಉಪಾಯವಿಲ್ಲ. ಆದ್ದರಿಂದ ನಾನು ಈಗ ಮೊದಲು ನೋಡುವುದು ಬೇರಿನ ತಂಪನ್ನು. ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ಒಂದರ ನೆರಳು ಇನ್ನೊಂದರ ಮೈಮೇಲೆ ಬೀಳುವಂತೆ ಒತ್ತೊತ್ತಾಗಿ ಇಡುತ್ತೇನೆ. ಪಡುವಣ ಸಾಲಿಗೆ ಒದ್ದೆ ಗೋಣಿ ಸುತ್ತುತ್ತೇನೆ. ಮಾರ್ಚಿನಿಂದ ಮೇ ತನಕ ಶೇ. 50ರ ನೆರಳುಬಲೆ ಕಟ್ಟುತ್ತೇನೆ. ಮಣ್ಣಿನ ಕುಂಡ ಹೂಜಿಯಂತೆ ಬೆವರಿ ತಂಪಾಗುತ್ತದೆ ಎಂಬುದು ನಿಜವಾದರೂ, ನಮ್ಮ ಕಡಲತೀರದ ತೇವದ ಗಾಳಿಯಲ್ಲಿ ಆ ಲಾಭ ಬಯಲುಸೀಮೆಯಷ್ಟು ಸಿಗುವುದಿಲ್ಲ.

ನಮ್ಮ ಮುರಕಲ್ಲಿನ ಕೆಂಪು ಮಣ್ಣನ್ನು ಮಾತ್ರ ತುಂಬಿದರೆ ಒಂದೇ ತಿಂಗಳಲ್ಲಿ ಗಟ್ಟಿಯಾಗುತ್ತದೆ. ಒಂದು ಪಾಲು ಮಣ್ಣು, ಒಂದು ಪಾಲು ಹಳೆಯ ಹಟ್ಟಿಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲೆ ಎರಡು ಹಿಡಿ ಸುಡುಮಣ್ಣು ಎಂಬುದು ನನ್ನ ಲೆಕ್ಕ. ತೆಂಗಿನ ಸಂಶೋಧನೆ 1916ರಲ್ಲೇ ಆರಂಭವಾದ ಊರು ನಮ್ಮ ಕಾಸರಗೋಡು. ಹಾಗಿದ್ದರೂ ಹಸಿ ನಾರಿನ ಪುಡಿಯನ್ನು ನೇರವಾಗಿ ಕುಂಡಕ್ಕೆ ಸುರಿಯುವವರು ಇಲ್ಲಿ ಇನ್ನೂ ಇದ್ದಾರೆ. ಅದರಲ್ಲಿ ಚೊಗರೂ ಉಪ್ಪೂ ಇರುತ್ತವೆ, ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನು ಹೀರುತ್ತದೆ, ಗಿಡ ಹಳದಿಯಾಗುತ್ತದೆ. ಹಲವು ಸಲ ತೊಳೆದು, ಸೆಗಣಿ ಬೆರೆಸಿ, ಕೆಲವು ತಿಂಗಳು ಕೊಳೆಯಿಸಿದ ಪುಡಿಯನ್ನೇ ಬಳಸಬೇಕು. ಕುಂಡದ ತಳಕ್ಕೆ ತೆಂಗಿನ ಸಿಪ್ಪೆಯನ್ನು ಬೋಗುಣಿಯಂತೆ ಅಂಗಾತ ಇಟ್ಟರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಡಲಿಗೆ ಹತ್ತಿರದ ಬಾವಿಗಳ ನೀರು ಏಪ್ರಿಲ್‌ನಲ್ಲಿ ಉಪ್ಪಾಗುವುದರಿಂದ, ಒಳ್ಳೆಯ ನೀರು ಸಿಕ್ಕ ದಿನ ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಎರೆದು ಉಪ್ಪನ್ನು ತೊಳೆಯುತ್ತೇನೆ.

ಈ ಸೆಕೆಯಲ್ಲಿ ಟೊಮೆಟೊ ಹೂ ಬಿಟ್ಟರೂ ಕಾಯಿ ಕಟ್ಟುವುದು ಕಷ್ಟ; ಹಗಲು 35 ಡಿಗ್ರಿ ದಾಟಿ ಇರುಳೂ ತಣಿಯದಿದ್ದರೆ ಪರಾಗ ಶಕ್ತಿಗುಂದುತ್ತದೆ. ಕೊತ್ತಂಬರಿ ಸೊಪ್ಪಾಗುವ ಮೊದಲೇ ಹೂವಿಗೆ ತಿರುಗುತ್ತದೆ. ಅವುಗಳನ್ನು ಮಳೆ ಕಳೆದ ಮೇಲೆ ಬೆಳೆಯೋಣ. ಹರಿವೆ, ಬೆಂಡೆ, ಅಲಸಂಡೆ, ಜೀರಿಗೆಮೆಣಸು ಬಿಸಿಲಿಗೆ ಜಗ್ಗುವುದಿಲ್ಲ. ಹರಿವೆಯಂತೂ ಬಿತ್ತಿದ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ದೊಡ್ಡಪತ್ರೆಗೂ ಒಂದೆಲಗಕ್ಕೂ ನೆರಳಿನ ಮೂಲೆ ಸಾಕು, ಇವೆರಡಿದ್ದರೆ ತಂಬುಳಿಗೆ ಕೊರತೆಯಿಲ್ಲ.

ಕೀಟಕ್ಕೆ ಬೇವಿನೆಣ್ಣೆ ಮತ್ತು ಸೋಪಿನ ನೀರನ್ನು ಸಂಜೆಯ ಹೊತ್ತು ಸಿಂಪಡಿಸುತ್ತೇನೆ, ಅದಕ್ಕಿಂತ ಕಟುವಾದ ಯಾವುದನ್ನೂ ಮುಟ್ಟುವುದಿಲ್ಲ. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆಯಿದು. ಆ ವಿಷದಿಂದ ನರಳಿದ ಎಣ್ಮಕಜೆ ಗ್ರಾಮದ ಮಕ್ಕಳನ್ನು ಕಂಡವರಿಗೆ ಇದಕ್ಕೆ ಬೇರೆ ಕಾರಣ ಹೇಳಬೇಕಾಗಿಲ್ಲ.

ಮೇ ಕೊನೆಗೆ ಬರುವ, ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸಿದ ಪತ್ತನಾಜೆಯ ದಿನ ಕಳೆದು ಮೊದಲ ಮಳೆ ಬಿದ್ದೊಡನೆ ನೆರಳುಬಲೆ ಬಿಚ್ಚುತ್ತೇನೆ, ಗೋಣಿ ತೆಗೆಯುತ್ತೇನೆ, ತಳದ ತೂತುಗಳು ಕಟ್ಟಿಕೊಂಡಿವೆಯೇ ಎಂದು ಕಡ್ಡಿ ಹಾಕಿ ನೋಡುತ್ತೇನೆ. ಬೇಸಗೆಯಿಡೀ ಬಂದ ಬಸಳೆಯ ದಪ್ಪ ದಂಟುಗಳನ್ನು ಆಗ ಗೇಣುದ್ದಕ್ಕೆ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಹೊಸ ಕುಂಡಗಳಲ್ಲಿ ಊರುವುದು ಆ ವಾರದ ಕೆಲಸ.