ಕಡಲತೀರದ ಖಾಕಿ: ಕೈಯಲ್ಲಿ ಸೀಟಿಯಷ್ಟೇ ಇದ್ದರೆ ಸಾಲದು

ಮಂಗಳೂರಿನಲ್ಲಿ ಖಾಕಿ ಕಂಡರೆ ಎಲ್ಲರನ್ನೂ ಪೊಲೀಸ್ ಅಂತಲೇ ಕರೆಯುತ್ತೇವೆ. ಅಸೈಗೋಳಿಯ ಕೆಎಸ್‌ಆರ್‌ಪಿ 7ನೇ ಪಡೆಯವರು ತಿಂಗಳ ಸಂಬಳದ ಸಶಸ್ತ್ರ ಮೀಸಲು ಪೊಲೀಸರು. ಮಳೆಗಾಲದಲ್ಲಿ ಪಣಂಬೂರು ತೀರದಲ್ಲಿ ಸೀಟಿ ಊದುವ ಗೃಹರಕ್ಷಕರು ಸ್ವಯಂಸೇವಕರು. ಡ್ಯೂಟಿ ಮಾಡಿದ ದಿನಕ್ಕಷ್ಟೇ ಅವರಿಗೆ ಭತ್ಯೆ.

ಗೃಹರಕ್ಷಕ ದಳ ಹುಟ್ಟಿದ್ದು 1946ರ ಡಿಸೆಂಬರ್‌ನಲ್ಲಿ, ಮುಂಬೈಯಲ್ಲಿ. ಚೀನಾ ಯುದ್ಧದ ಬಳಿಕ ಎಲ್ಲ ರಾಜ್ಯಗಳಲ್ಲೂ ಒಂದೇ ಬಗೆಯ ದಳ ಇರಲಿ ಎಂದು ಕೇಂದ್ರ ಸಲಹೆ ಕೊಟ್ಟಿತು. ಆದರೆ ಪೊಲೀಸ್ ರಾಜ್ಯಪಟ್ಟಿಯ ವಿಷಯ. ಹಾಗಾಗಿ ಇಲ್ಲಿ ನಡೆಯುವುದು ನಮ್ಮ ರಾಜ್ಯದ 1962ರ ಕಾಯ್ದೆ.

ಈ ವ್ಯವಸ್ಥೆ ನಿಂತಿರುವುದೇ 'ಕರೆ'ಯ ಮೇಲೆ, ಅಂದರೆ ಡ್ಯೂಟಿಗೆ ಕರೆಸುವ ಅಧಿಕೃತ ಆದೇಶದ ಮೇಲೆ. ಕರೆಯ ಮೇರೆಗೆ ಡ್ಯೂಟಿಯಲ್ಲಿದ್ದಾಗ ಪೊಲೀಸರಿಗಿರುವ ಅಧಿಕಾರ, ರಕ್ಷಣೆ ಎರಡೂ ಗೃಹರಕ್ಷಕರಿಗಿದೆ. ಕರೆ ಇಲ್ಲದ ದಿನ ಅವರೂ ನಮ್ಮ ನಿಮ್ಮಂತೆ. "ಇವತ್ತೊಂದು ದಿನ ಬಂದು ನಿಲ್ಲಿ ಮಾರಾಯ್ರೇ" ಎಂಬ ಬಾಯಿಮಾತಿನ ಡ್ಯೂಟಿ ಅಪಾಯಕಾರಿ ಎನ್ನುವುದು ಇದಕ್ಕೇ. ಕಾಲು ಮುರಿದರೆ ತೋರಿಸಲು ಕಾಗದವಿರುವುದಿಲ್ಲ, ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಭತ್ಯೆಯೂ ಇಲ್ಲ. ಆದೇಶದಲ್ಲಿ ದಿನಾಂಕ, ಸ್ಥಳ ಇರಲಿ. ಹಾಜರಿಗೆ ಅಂದೇ ಸಹಿ ಬೀಳಲಿ, ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. 30 ದಿನದ ಭತ್ಯೆ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾಗಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೆಲಸವನ್ನು ಮಾತ್ರ ಖಾಯಂ ಮಾಡಿಲ್ಲ.

ಇನ್ನು ಕಡಲು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲ) ಎತ್ತರದ ಅಲೆಗಿಂತ ಹೆಚ್ಚು ಹೆದರಬೇಕಾದ್ದು ಅಲೆ ಒಡೆಯುವ ಎರಡು ಕಡೆಗಳ ನಡುವೆ ಶಾಂತವಾಗಿ ಕಾಣುವ ಜಾಗಕ್ಕೆ. ಅಲ್ಲಿ ನೀರು ತುಸು ಕಪ್ಪಗಿರುತ್ತದೆ, ಅಲೆ ಒಡೆಯುವುದಿಲ್ಲ, ನೊರೆ ದಡದತ್ತ ಬರುವ ಬದಲು ಒಳಗೆ ಸಾಗುತ್ತದೆ. ಅದೇ ಸೆಳೆತ, ಜನರನ್ನು ಕಡಲೊಳಗೆ ಎಳೆದೊಯ್ಯುವ ಹರಿವು. ಘಟ್ಟದ ಮೇಲಿನಿಂದ ಬಂದವರು ಸ್ನಾನಕ್ಕೆ ಆರಿಸಿಕೊಳ್ಳುವುದೂ ಆ ಜಾಗವನ್ನೇ! ಸೆಳೆತ ಜಾಗ ಬದಲಿಸುತ್ತದೆ, ಆದ್ದರಿಂದ ಬೆಳಿಗ್ಗೆ ನೆಟ್ಟ ಕೆಂಪು ಬಾವುಟವನ್ನು ಮಧ್ಯಾಹ್ನ ಮತ್ತೆ ನೋಡಿ ಸರಿಸಬೇಕು.

ಯಾರಾದರೂ ಸಿಕ್ಕಿಬಿದ್ದರೆ ತಾನೇ ಧುಮುಕುವುದು ಕೊನೆಯ ದಾರಿ. ಮುಳುಗುವವರು ಅಪ್ಪಿಹಿಡಿದರೆ ಒಂದರ ಬದಲು ಎರಡು ಜೀವ ಹೋಗುತ್ತದೆ. ಮೊದಲು ಎಸೆಯಬೇಕಾದ್ದು ಹಗ್ಗ ಕಟ್ಟಿದ ಟ್ಯೂಬ್. ಹಗ್ಗ ಪಾಲಿಪ್ರೊಪಿಲೀನ್‌ನದ್ದಾಗಿರಲಿ, ಅದು ತೇಲುತ್ತದೆ, ನೈಲಾನ್ ಮುಳುಗುತ್ತದೆ. 25 ಮೀಟರ್‌ನಷ್ಟು ಹಗ್ಗವನ್ನು ಬಕೆಟಿಗೆ ಸಡಿಲವಾಗಿ ತುಂಬಿಡಿ, ಸುತ್ತಿಟ್ಟರೆ ಎಸೆದಾಗ ಗಂಟುಬೀಳುತ್ತದೆ. ಟ್ಯೂಬನ್ನು ಆ ವ್ಯಕ್ತಿಯನ್ನು ದಾಟುವಂತೆ ಎಸೆದು ಹಗ್ಗವನ್ನು ಅವರ ಮೈಮೇಲೆ ಎಳೆಯಬೇಕು. ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳಲೇಬಾರದು, ಅಲೆ ಎಳೆದರೆ ನಿಂತವರೂ ನೀರುಪಾಲು.