ನಿಂತ ವಿಮಾನವನ್ನೂ ಬಿಡದ ತುಕ್ಕು: ಲ್ಯಾಂಡಿಂಗ್ ಗೇರ್ ತಪಾಸಣೆಯ ಕುರಿತು

ತಿಂಗಳುಗಟ್ಟಲೆ ಹಾರದೆ ನಿಂತಿದ್ದ ವಿಮಾನದ ಲ್ಯಾಂಡಿಂಗ್ ಗೇರನ್ನು, ಅಂದರೆ ಚಕ್ರಗಳಿರುವ ಕಾಲುಗಳನ್ನು, ಮತ್ತೆ ಬಿಚ್ಚಿ ನೋಡುವ ಅಗತ್ಯವೇನು ಎಂಬ ಪ್ರಶ್ನೆ ನಿರ್ವಹಣಾ ಯೋಜನೆ ರೂಪಿಸುವವರ ನಡುವೆ ಆಗಾಗ ಏಳುತ್ತದೆ. ವಿಮಾನ ಏರಿಲ್ಲ, ಇಳಿದಿಲ್ಲ, ಹಾಗಿರುವಾಗ ಕೆಟ್ಟದ್ದಾದರೂ ಏನು ಎಂಬ ವಾದ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಪದೇ ಪದೇ ಬೀಳುವ ಹೊರೆಯಿಂದ ಬಿರುಕು ಹುಟ್ಟಿಸುವ ಲೋಹದ ದಣಿವಿನ ಮಟ್ಟಿಗೆ ಆ ವಾದ ನಿಲ್ಲುತ್ತದೆ, ತುಕ್ಕಿನ ಮಟ್ಟಿಗೆ ನಿಲ್ಲುವುದಿಲ್ಲ. ದಣಿವು ಲ್ಯಾಂಡಿಂಗುಗಳ ಲೆಕ್ಕವನ್ನು ಹಿಡಿದು ಬೆಳೆಯುತ್ತದೆ. ತುಕ್ಕು ದಿನಗಳ ಲೆಕ್ಕವನ್ನು ಹಿಡಿದು ಬೆಳೆಯುತ್ತದೆ. ಆದ್ದರಿಂದಲೇ ಅನೇಕ ಪ್ರಯಾಣಿಕ ಜೆಟ್‌ಗಳ ಲ್ಯಾಂಡಿಂಗ್ ಗೇರ್ ಓವರ್‌ಹಾಲ್‌ಗೆ (ಪೂರ್ತಿ ಬಿಚ್ಚಿ ಪರೀಕ್ಷಿಸಿ ದುರಸ್ತಿ ಮಾಡುವುದಕ್ಕೆ) ಎರಡು ಮಿತಿಗಳನ್ನು ಒಟ್ಟಿಗೆ ಹಾಕಿರುತ್ತಾರೆ: ಸುಮಾರು 10 ವರ್ಷ, ಇಲ್ಲವೇ 20,000ದ ಆಸುಪಾಸಿನ ಲ್ಯಾಂಡಿಂಗುಗಳು, ಯಾವುದು ಮೊದಲು ಬರುತ್ತದೋ ಅದು. ದಿನಕ್ಕೆ ಆರೇಳು ಬಾರಿ ಇಳಿಯುವ ವಿಮಾನಕ್ಕೆ ಎರಡನೆಯ ಮಿತಿ ಮೊದಲು ಎದುರಾಗಬಹುದು, ಆದರೆ ದೂರದ ಮಾರ್ಗಗಳಲ್ಲಿ ದಿನಕ್ಕೊಂದೆರಡು ಬಾರಿ ಇಳಿಯುವ ವಿಮಾನಕ್ಕೆ ವರ್ಷಗಳ ಮಿತಿಯೇ ಮೊದಲು ಬರುತ್ತದೆ. ಲೇಪನ, ಸೀಲಂಟ್ ಮತ್ತು ಗ್ರೀಸ್ ಸೇರಿ ನೀರನ್ನು ಎಷ್ಟು ಕಾಲ ಹೊರಗಿಡಬಲ್ಲವು ಎಂಬ ಅನುಭವ ಆ ವರ್ಷಗಳ ಅಂಕಿಯಲ್ಲಿ ಅಡಗಿದೆ ಎಂಬುದನ್ನು ಮರೆತು ಅದನ್ನು ಕೇವಲ ಕಡತದ ಔಪಚಾರಿಕತೆ ಎಂದು ನೋಡುವವರ ಬಗ್ಗೆ ನನಗೆ ನಿಜವಾದ ಆತಂಕವಿದೆ.

ಈ ಆತಂಕದ ಮೂಲ ಇರುವುದು ಲ್ಯಾಂಡಿಂಗ್ ಗೇರಿನ ಉಕ್ಕಿನಲ್ಲಿ. ದೊಡ್ಡ ವಿಮಾನಗಳ ಹೊರ ಸಿಲಿಂಡರ್ (ಕಾಲಿನ ಮುಖ್ಯ ಕೊಳವೆ), ಅದರೊಳಗೆ ಜಾರುವ ಪಿಸ್ಟನ್, ಚಕ್ರ ಕೂರುವ ಆಕ್ಸಲ್‌ಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವುದು 300ಎಂ ಎಂಬ ಉಕ್ಕು. 4340 ಎಂಬ ಹಳೆಯ ಮಿಶ್ರಲೋಹಕ್ಕೆ ಸಿಲಿಕಾನ್ ಹೆಚ್ಚಿಸಿ, ವೆನೇಡಿಯಂ ಸೇರಿಸಿ ರೂಪಿಸಿದ ಈ ಉಕ್ಕಿನ ಎಳೆತದ ಬಲ 1,900 ಮೆಗಾಪಾಸ್ಕಲ್‌ಗೂ ಮೇಲಿದ್ದು, ಕಟ್ಟಡಗಳಿಗೆ ಬಳಸುವ ಸಾಮಾನ್ಯ ಉಕ್ಕಿನ ನಾಲ್ಕು ಪಟ್ಟಿನಷ್ಟಾಗುತ್ತದೆ. ಇಷ್ಟು ಬಲವಿರುವುದರಿಂದಲೇ ನೂರಾರು ಟನ್ನಿನ ಭಾರವನ್ನು ಅಷ್ಟು ತೆಳುವಾದ ಕಾಲುಗಳು ಹೊರುತ್ತವೆ. ಆದರೆ ಇದರಲ್ಲಿರುವ ಕ್ರೋಮಿಯಂ ಶೇಕಡಾ 1ಕ್ಕಿಂತಲೂ ಕಡಿಮೆ; ತುಕ್ಕನ್ನು ತಾನಾಗಿ ತಡೆಯುವ ಗುಣ ಇದಕ್ಕಿಲ್ಲ. ಜೊತೆಗೆ, ಬಲ ಹೆಚ್ಚಿದಷ್ಟೂ ಬಿರುಕನ್ನು ಸಹಿಸುವ ಗುಣ ಕುಗ್ಗುತ್ತದೆ. ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಕೊಟ್ಟ ಬಟ್ಟೆ ಸ್ವಲ್ಪ ಎಳೆತಕ್ಕೇ ಉದ್ದಕ್ಕೂ ಹರಿದುಹೋಗುವ ಹಾಗೆ, ಇಲ್ಲಿ ಒಂದೆರಡು ಮಿಲಿಮೀಟರ್ ಆಳದ ಬಿರುಕು ಕೂಡ ಭಾರಿ ಹೊರೆ ಬಿದ್ದ ಕ್ಷಣ ಇಡೀ ಭಾಗವನ್ನು ಎರಡಾಗಿ ಮಾಡಬಲ್ಲದು. ವಿಮಾನದ ಮೈಕವಚದಲ್ಲಿ ಬಿರುಕು ಕಾಣಿಸಿಕೊಂಡರೆ ಅದು ನಿಧಾನವಾಗಿ ಬೆಳೆಯುತ್ತದೆ, ಮುಂದಿನ ತಪಾಸಣೆಯಲ್ಲಿ ಹಿಡಿಯಬಹುದು ಎಂಬ ಭರವಸೆಯ ಮೇಲೆ ವಿನ್ಯಾಸ ಮಾಡುವುದು ಸಾಧ್ಯ. ಲ್ಯಾಂಡಿಂಗ್ ಗೇರಿನಲ್ಲಿ ಆ ಭರವಸೆಗೆ ಜಾಗ ಬಹಳ ಕಡಿಮೆ. ಹಾಗಾಗಿ ಇದರ ಮುಖ್ಯ ಭಾಗಗಳಿಗೆ ಸಾಮಾನ್ಯವಾಗಿ ಸುರಕ್ಷಿತ ಆಯುಸ್ಸನ್ನು ನಿಗದಿ ಮಾಡಿ, ಅದು ಮುಗಿದೊಡನೆ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಸೇವೆಯಿಂದ ತೆಗೆಯುತ್ತಾರೆ. ಆ ಆಯುಸ್ಸಿನ ಲೆಕ್ಕವೆಲ್ಲ ಮೇಲ್ಮೈ ನುಣುಪಾಗಿದೆ, ಗುಳಿಗಳಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿರುತ್ತದೆ. ಒಂದು ತುಕ್ಕಿನ ಗುಳಿ ಬಿದ್ದಿತೆಂದರೆ ಲೆಕ್ಕದ ಬುಡವೇ ಅಲುಗಿದಂತೆ.

ಇದಕ್ಕಿಂತಲೂ ಕಠಿಣವಾದದ್ದು ಒತ್ತಡ ಮತ್ತು ತುಕ್ಕು ಎರಡೂ ಸೇರಿ ಹುಟ್ಟಿಸುವ ಬಿರುಕು. ಅದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು: ಅದಕ್ಕೆ ತುತ್ತಾಗಬಲ್ಲ ಲೋಹ, ನಿರಂತರವಾದ ಎಳೆತ, ಮತ್ತು ತೇವ. ನಿಂತ ವಿಮಾನದಲ್ಲಿ ಎಳೆತ ಎಲ್ಲಿಂದ ಬರಬೇಕು ಎಂದು ಕೇಳುವವರು ಬುಶ್‌ಗಳನ್ನು (ಕೀಲಿನ ರಂಧ್ರದೊಳಗೆ ಕೂರುವ ಲೋಹದ ಬಳೆಗಳನ್ನು) ಕೂರಿಸುವ ರೀತಿಯನ್ನು ಗಮನಿಸಬೇಕು. ಲಗ್‌ನ (ಪಿನ್ ಹಾಯುವ ರಂಧ್ರವಿರುವ ಚಾಚಿನ) ರಂಧ್ರಕ್ಕಿಂತ ತುಸು ದಪ್ಪಗಿರುವ ಬುಶ್ಶನ್ನು ದ್ರವ ಸಾರಜನಕದಲ್ಲಿ ತಣಿಸಿ, ಕುಗ್ಗಿಸಿ ಒಳಗೆ ಕೂರಿಸಿದಾಗ, ಅದು ಮತ್ತೆ ಹಿಗ್ಗಿ ರಂಧ್ರದ ಸುತ್ತಲಿನ ಉಕ್ಕನ್ನು ಹೊರಕ್ಕೆ ಒತ್ತುತ್ತಲೇ ಇರುತ್ತದೆ. ವಿಮಾನ ಹಾರಲಿ, ನಿಲ್ಲಲಿ, ಬಿಚ್ಚಿದ ಭಾಗ ಗೋದಾಮಿನ ಕಪಾಟಿನಲ್ಲಿರಲಿ, ಆ ಎಳೆತಕ್ಕೆ ಬಿಡುವಿಲ್ಲ. ಬುಶ್ ಬಹುಪಾಲು ಅಲ್ಯೂಮಿನಿಯಂ ಕಂಚಿನದು, ಸುತ್ತಲಿನದು ಉಕ್ಕು. ನಡುವೆ ನೀರು ಸೇರಿದರೆ ಎರಡು ಬೇರೆ ಲೋಹಗಳ ನಡುವಿನ ವಿದ್ಯುತ್ ರಾಸಾಯನಿಕ ಕ್ರಿಯೆಯಲ್ಲಿ ನಷ್ಟವಾಗುವುದು ಉಕ್ಕಿಗೆ. 1990ರ ದಶಕದ ಮಧ್ಯದಲ್ಲಿ ಬೋಯಿಂಗ್ 767ರ ಮುಖ್ಯ ಗೇರಿನ ಹೊರ ಸಿಲಿಂಡರಿನ ಹಿಂಬದಿಯ ಟ್ರನಿಯನ್ (ಗೇರ್ ತಿರುಗುವ ಆಧಾರದ ಭಾಗ) ಇದೇ ಬಗೆಯ ಬಿರುಕಿನಿಂದ ಮುರಿದ ವರದಿಗಳು ಬಂದ ಮೇಲೆ, ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಆ ಜಾಗದ ತಪಾಸಣೆಯನ್ನು ಕಡ್ಡಾಯಗೊಳಿಸುವ ನಿರ್ದೇಶನಗಳನ್ನು ಹೊರಡಿಸಬೇಕಾಯಿತು. ಹಳೆಯ ವಿಮಾನಗಳ ಅಲ್ಯೂಮಿನಿಯಂ ಭಾಗಗಳಲ್ಲೂ, ಮುಖ್ಯವಾಗಿ ಟಿ6 ಎಂಬ ಶಾಖ ಸಂಸ್ಕರಣೆಯ ಸ್ಥಿತಿಯಲ್ಲಿದ್ದ 7075 ಮಿಶ್ರಲೋಹದಲ್ಲಿ, ಇದೇ ತೊಂದರೆ ಇತ್ತು. ತುಸು ಬಲವನ್ನು ಬಿಟ್ಟುಕೊಟ್ಟು ಟಿ73 ಸ್ಥಿತಿಗೆ ಹದಗೊಳಿಸುವ ಪದ್ಧತಿ ಬಂದದ್ದು ಅದರ ಪರಿಹಾರವಾಗಿ.

ಉಕ್ಕನ್ನು ಕಾಯುವ ಮೊದಲ ಕಾವಲು ಕ್ಯಾಡ್ಮಿಯಂ ಲೇಪನ. ಇದು ತಾನು ಕರಗಿ ಉಕ್ಕನ್ನು ಉಳಿಸುತ್ತದೆ, ಆದ್ದರಿಂದ ಸಣ್ಣ ಗೀರು ಬಿದ್ದರೂ ಕೆಲಕಾಲ ರಕ್ಷಣೆ ಮುಂದುವರಿಯುತ್ತದೆ. ಅದರ ಮೇಲೆ ಪ್ರೈಮರ್ ಮತ್ತು ಬಣ್ಣ. ಚಕ್ರದಿಂದ ಸಿಡಿಯುವ ಕಲ್ಲು ಈ ಪದರಗಳನ್ನು ಕೀಳುತ್ತದೆ, ಬ್ರೇಕಿನ ಬಿಸಿ ಆಕ್ಸಲ್‌ನ ಲೇಪನವನ್ನು ಕೆಡಿಸುತ್ತದೆ. ಹಿಮ ಕರಗಿಸಲು ರನ್‌ವೇಗಳ ಮೇಲೆ ಸುರಿಯುವ ಪೊಟ್ಯಾಸಿಯಂ ಅಸಿಟೇಟ್ ಮತ್ತು ಫಾರ್ಮೇಟ್ ದ್ರವಗಳು ಕ್ಯಾಡ್ಮಿಯಂಗೆ ಹಾನಿಕರ. ಅತಿ ಒತ್ತಡದ ನೀರಿನಿಂದ ಗೇರನ್ನು ತೊಳೆಯುವುದು ಇನ್ನೊಂದು ಅಪಾಯ, ಏಕೆಂದರೆ ಕೀಲುಗಳೊಳಗಿನ ಗ್ರೀಸ್ ಹೊರಬಂದು ಅದೇ ಜಾಗದಲ್ಲಿ ಸಾಬೂನು ನೀರು ಕೂರುತ್ತದೆ. ತೊಳೆದ ನಂತರ ಗ್ರೀಸ್ ತುಂಬುವ ಕೆಲಸವನ್ನು ಮರುದಿನಕ್ಕೆ ದೂಡುವುದು ಎಷ್ಟು ದುಬಾರಿ ಎಂಬುದು ಓವರ್‌ಹಾಲ್‌ನಲ್ಲಿ ಪಿನ್ನುಗಳನ್ನು ಹೊರತೆಗೆದಾಗ ಗೊತ್ತಾಗುತ್ತದೆ.

ಈಗ ಒಂದು ಲಗ್‌ನ ಮುಂದೆ ಕುಳಿತು ತಪಾಸಣೆ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ಕೆಲಸ ಸ್ವಚ್ಛಗೊಳಿಸುವುದಲ್ಲ, ಸ್ವಚ್ಛಗೊಳಿಸುವ ಮುನ್ನ ನೋಡುವುದು. ಕೊಳೆಯೇ ಎಷ್ಟೋ ವಿಷಯ ಹೇಳುತ್ತದೆ. ಹೊಸ ಗ್ರೀಸನ್ನು ನಿಪ್ಪಲ್‌ ಮೂಲಕ ಒತ್ತಿದಾಗ ಹೊರಬರುವ ಹಳೆಯ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಅದರಲ್ಲಿ ನೀರಿನ ಹನಿಗಳು ಕಂಡರೆ, ಅಥವಾ ಒಂದು ಬದಿಯಿಂದ ಮಾತ್ರ ಗ್ರೀಸ್ ಬಂದು ಇನ್ನೊಂದು ಬದಿ ಒಣಗಿಯೇ ಉಳಿದರೆ, ಆ ಕೀಲಿನ ಒಳಗೆ ಏನು ನಡೆಯುತ್ತಿದೆ ಎಂಬುದರ ಸುಳಿವು ಸಿಕ್ಕಂತೆಯೇ. ನಂತರ ಬುಶ್‌ನ ಅಂಚಿನ ಸುತ್ತ ಇರುವ ಸೀಲಂಟ್ ಮತ್ತು ಬಣ್ಣ. ಅಲ್ಲಿ ಕೂದಲೆಳೆಯ ಗಾತ್ರದ ಗೀಟೊಂದು ವೃತ್ತಾಕಾರವಾಗಿ ಕಂಡರೆ ಬುಶ್ ಕದಲಿದೆ, ತಿರುಗಿದೆ ಅಥವಾ ಹೊರಕ್ಕೆ ಸರಿದಿದೆ ಎಂದು ಅನುಮಾನಿಸಬೇಕು. ಕದಲಿದ ಬುಶ್ಶಿನ ಹಿಂದೆ ನೀರಿಗೆ ದಾರಿ ತೆರೆದಿರುತ್ತದೆ. ಬಣ್ಣ ಗುಳ್ಳೆ ಎದ್ದಿದ್ದರೆ ಅದರ ಕೆಳಗೆ ಉಬ್ಬಿದ ತುಕ್ಕಿನ ಉತ್ಪನ್ನವಿರುವ ಸಾಧ್ಯತೆ ಹೆಚ್ಚು. ಬೂದು ಮಿಶ್ರಿತ ಬಿಳಿ ಪುಡಿ ಕಂಡರೆ ಕ್ಯಾಡ್ಮಿಯಂ ಇನ್ನೂ ತನ್ನನ್ನು ತಾನು ಕಳೆದುಕೊಳ್ಳುತ್ತಾ ಉಕ್ಕನ್ನು ಕಾಯುತ್ತಿದೆ ಎಂದರ್ಥ. ಕೆಂಗಂದು ಕಲೆ ಕಂಡರೆ ಕಾವಲು ಮುಗಿದು ಉಕ್ಕಿಗೇ ಕೈಬಿದ್ದಿದೆ. ಅಲ್ಯೂಮಿನಿಯಂ ಭಾಗದಲ್ಲಾದರೆ ಕೆಂಪು ಎಂದೂ ಕಾಣುವುದಿಲ್ಲ, ಬಿಳಿ ಪುಡಿ ಅಥವಾ ಪದರ ಪದರವಾಗಿ ಎದ್ದ ಅಂಚು ಕಾಣುತ್ತದೆ. ಇವೆಲ್ಲವನ್ನೂ ಗುರುತು ಮಾಡಿಕೊಂಡ ಮೇಲೆಯೇ ತೊಳೆದು, ಒಣಗಿಸಿ, ಹತ್ತು ಪಟ್ಟು ಹಿಗ್ಗಿಸುವ ಮಸೂರ, ಕನ್ನಡಿ ಮತ್ತು ಓರೆಯಾಗಿ ಹಿಡಿದ ದೀಪದಿಂದ ನೋಡಬೇಕು. ದೀಪವನ್ನು ನೇರವಾಗಿ ಹಿಡಿದರೆ ಗುಳಿ ಮರೆಯಾಗುತ್ತದೆ. ಓರೆ ಬೆಳಕಿನಲ್ಲಿ ಅದರ ಅಂಚಿನ ನೆರಳು ಎದ್ದು ಕಾಣುತ್ತದೆ.

ಕಣ್ಣಿಗೆ ಸಿಗದ ಬಿರುಕಿಗೆ ಉಕ್ಕಿನಲ್ಲಿ ಕಾಂತೀಯ ಕಣಗಳ ಪರೀಕ್ಷೆ, ಕಾಂತಕ್ಕೆ ಸ್ಪಂದಿಸದ ಲೋಹಗಳಲ್ಲಿ ಪ್ರತಿದೀಪ್ತ ದ್ರವದ ಪರೀಕ್ಷೆ, ಬುಶ್ ತೆಗೆಯಲಾಗದ ಜಾಗಗಳಲ್ಲಿ ಅಲ್ಟ್ರಾಸಾನಿಕ್ (ಶಬ್ದಾತೀತ ತರಂಗದ) ಅಥವಾ ಎಡ್ಡಿ ಕರೆಂಟ್ (ಲೋಹದಲ್ಲಿ ಪ್ರೇರಿಸಿದ ವಿದ್ಯುತ್ತಿನ) ಪರೀಕ್ಷೆ. ಇವುಗಳ ನಿಯಮಗಳು ಬಹಳ ನಿಖರ. ನೇರಳಾತೀತ ದೀಪದ ತೀವ್ರತೆ 38 ಸೆಂಟಿಮೀಟರ್ ದೂರದಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ ಕನಿಷ್ಠ 1,000 ಮೈಕ್ರೋವ್ಯಾಟ್ ಇರಬೇಕು, ಕೋಣೆಯ ಸಾಮಾನ್ಯ ಬೆಳಕು ಸುಮಾರು 20 ಲಕ್ಸ್ ಮೀರಬಾರದು, ಒಳಗೆ ಬಂದ ಪರೀಕ್ಷಕರು ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು, ಬಿಸಿಲಿಗೆ ತಾನಾಗಿ ಕಪ್ಪಾಗುವ ಕನ್ನಡಕ ಧರಿಸುವಂತಿಲ್ಲ. ಹೊಸದಾಗಿ ಸೇರಿದವರಿಗೆ ಇವು ಅತಿಯೆನಿಸುವುದುಂಟು, ಆದರೆ ಒಂದು ಮಿಲಿಮೀಟರಿನ ಹೊಳೆಯುವ ಗೆರೆಯನ್ನು ಹುಡುಕುವಾಗ ಈ ಪ್ರತಿಯೊಂದು ಅಂಕಿಯ ಬೆಲೆಯೂ ತಾನಾಗಿ ತಿಳಿಯುತ್ತದೆ.

ತುಕ್ಕನ್ನು ಕಂಡುಹಿಡಿದ ಮೇಲೆ ಅದನ್ನು ತೆಗೆಯುವ ಕ್ರಮದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ತುಕ್ಕಿಗಿಂತ ಅದರ ಚಿಕಿತ್ಸೆಯೇ ಭಾಗವನ್ನು ಕೊಲ್ಲುವ ಸಾಧ್ಯತೆ ಇಲ್ಲಿ ನಿಜವಾಗಿಯೂ ಇದೆ. ಆಮ್ಲಯುಕ್ತ ತುಕ್ಕು ನಿವಾರಕವನ್ನು ಬಳಸಿದರೆ ಜಲಜನಕ ಉಕ್ಕಿನೊಳಕ್ಕೆ ಸೇರಿ ಅದನ್ನು ಪೆಡಸಾಗಿಸುತ್ತದೆ. ವೇಗದ ಯಂತ್ರದಿಂದ ಉಜ್ಜಿದರೆ ಒಂದೇ ಚುಕ್ಕೆಯಲ್ಲಿ ಹುಟ್ಟುವ ಬಿಸಿ ಉಕ್ಕಿನ ಹದವನ್ನು ಕೆಡಿಸಿ, ಗಾಜಿನಂತೆ ಪೆಡಸಾದ ತೆಳು ಪದರವನ್ನು ಬಿಟ್ಟುಹೋಗುತ್ತದೆ. ಕ್ರೋಮ್ ಲೇಪನವನ್ನು ಅರೆಯುವಾಗ ಆಗುವ ಇಂಥ ಸುಟ್ಟ ಗುರುತುಗಳನ್ನು ಹುಡುಕಲು ಬರಿಯ ಉಕ್ಕಿನ ಮೇಲೆ ನೈಟಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ದ್ರಾವಣದ ಪರೀಕ್ಷೆಯನ್ನೂ, ಲೇಪನವಿರುವಲ್ಲಿ ಉಕ್ಕಿನ ಕಾಂತೀಯ ಸಂಕೇತವನ್ನು ಅಳೆಯುವ ಬಾರ್ಕ್‌ಹೌಸನ್ ನಾಯ್ಸ್ ವಿಧಾನವನ್ನೂ ಬಳಸುತ್ತಾರೆ. ತುಕ್ಕನ್ನು ಪೂರ್ತಿ ತೆಗೆದು, ಕೈಪಿಡಿ ಅನುಮತಿಸಿದ ಆಳದೊಳಗೇ ಇದೆಯೆಂದು ಅಳೆದು, ಅಂಚುಗಳನ್ನು ನುಣುಪಾಗಿ ಬೆರೆಸಿ, ಶಾಟ್ ಪೀನಿಂಗ್‌ನಿಂದ (ಸಣ್ಣ ಗುಂಡುಗಳನ್ನು ಬಡಿಸುವುದರಿಂದ) ಮೇಲ್ಮೈಯಲ್ಲಿ ಒತ್ತುಬಲವನ್ನು ಮರಳಿ ತಂದ ನಂತರವೇ ಹೊಸ ಲೇಪನ. ಲೇಪನದ ತೊಟ್ಟಿಯಲ್ಲೂ ಜಲಜನಕ ಸೇರುವುದರಿಂದ, ಭಾಗವನ್ನು ಕೆಲವೇ ಗಂಟೆಗಳೊಳಗೆ ಒಲೆಗೆ ಸೇರಿಸಿ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 23 ಗಂಟೆಗಳಷ್ಟು ಕಾಲ ಕಾಯಿಸುತ್ತಾರೆ. ಈ ಹಂತವನ್ನು ತಪ್ಪಿಸಿದ ಭಾಗ ಅಂದು ಏನೂ ಆಗದಂತೆ ಕಂಡು, ಹೊರೆ ಹೊತ್ತ ಎಷ್ಟೋ ಹೊತ್ತಿನ ಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯಬಹುದು.

ಇಷ್ಟೆಲ್ಲ ಕ್ರಮಗಳ ಹಿಂದೆ ಕಾನೂನಿನ ಬಲವಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ಶಿಕಾಗೋ ಒಡಂಬಡಿಕೆಯ 8ನೆಯ ಅನುಬಂಧ ವಿಮಾನಗಳ ಹಾರಾಟ ಯೋಗ್ಯತೆಯ ಅಂತರರಾಷ್ಟ್ರೀಯ ಚೌಕಟ್ಟನ್ನು ಹಾಕಿಕೊಡುತ್ತದೆ. ಅಸುರಕ್ಷಿತ ಸ್ಥಿತಿಯೊಂದು ಒಂದು ಮಾದರಿಯ ಇತರ ವಿಮಾನಗಳಲ್ಲೂ ಇರುವ ಅಥವಾ ತಲೆದೋರುವ ಸಂಭವವಿದ್ದಾಗ, ಅಮೆರಿಕದಲ್ಲಿ ಎಫ್‌ಎಎ, ಯುರೋಪಿನಲ್ಲಿ ಅಂಥದೇ ಸಂಸ್ಥೆಯಾದ ಇಎಎಸ್‌ಎ ಹಾರಾಟ ಯೋಗ್ಯತಾ ನಿರ್ದೇಶನವನ್ನು ಹೊರಡಿಸುತ್ತವೆ. ತಯಾರಕರ ಸರ್ವಿಸ್ ಬುಲೆಟಿನ್ ತಾನಾಗಿ ಒಂದು ಸಲಹೆ ಮಾತ್ರ. ನಿರ್ದೇಶನ ಅದನ್ನು ಉಲ್ಲೇಖಿಸಿದ ಕ್ಷಣ ಅದು ಕಡ್ಡಾಯ. ಬೇರೆ ವಿಧಾನದಲ್ಲಿ ಪಾಲಿಸಬೇಕೆಂದರೆ ಅದಕ್ಕೂ ಲಿಖಿತ ಒಪ್ಪಿಗೆ ಬೇಕು. ತುಕ್ಕು ನಿಯಂತ್ರಣ ಕಾರ್ಯಕ್ರಮಗಳಿಗೆ ಇಂದಿನ ಗಟ್ಟಿ ರೂಪ ಬಂದದ್ದು 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹ ಏರ್‌ಲೈನ್ಸ್‌ನ 243ನೆಯ ಹಾರಾಟದ ಬೋಯಿಂಗ್ 737ರ ಮೇಲ್ಛಾವಣಿ ಆಗಸದಲ್ಲೇ ಕಿತ್ತುಹೋಗಿ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡ ನಂತರ. ಆ ಕಾರ್ಯಕ್ರಮಗಳು ತುಕ್ಕನ್ನು ಮೂರು ಮಟ್ಟಗಳಲ್ಲಿ ವಿಂಗಡಿಸುತ್ತವೆ: ಅನುಮತಿಸಿದ ಮಿತಿಯೊಳಗಿನದು ಒಂದನೆಯದು, ಮಿತಿ ಮೀರಿ ದುರಸ್ತಿ ಅಥವಾ ಬದಲಾವಣೆ ಬೇಡುವುದು ಎರಡನೆಯದು, ತಕ್ಷಣವೇ ಹಾರಾಟ ಯೋಗ್ಯತೆಯ ಪ್ರಶ್ನೆಯೇಳುವುದು ಮೂರನೆಯದು. ಎರಡನೆಯ ಮಟ್ಟ ಪದೇ ಪದೇ ಕಾಣಿಸಿಕೊಂಡರೆ ತಪ್ಪಿರುವುದು ತಪಾಸಣೆಯ ಅಂತರ ಎಂದು ತಿಳಿದು ಅದನ್ನು ಕಡಿತಗೊಳಿಸಬೇಕು.

ಅಂತರವನ್ನು ಹಿಗ್ಗಿಸುವ ಕಡೆಗೆ ಮಾತ್ರ ಒತ್ತಡ ಇರುವುದು ಈ ಉದ್ಯಮದ ಸಹಜ ಸ್ಥಿತಿ, ಮತ್ತು ಅದರ ಪರಿಣಾಮ 2016ರ ಅಕ್ಟೋಬರ್ 28ರಂದು ಫೋರ್ಟ್ ಲಾಡರ್‌ಡೇಲ್‌ನಲ್ಲಿ ಕಂಡಿತು. ಅಲ್ಲಿ ಇಳಿದ ಎಂಡಿ-10 ಸರಕು ವಿಮಾನದ ಎಡ ಮುಖ್ಯ ಗೇರ್ ಕುಸಿದು, ಎಡ ರೆಕ್ಕೆಗೆ ಬೆಂಕಿ ಹತ್ತಿತು. ಇಬ್ಬರು ಪೈಲಟ್‌ಗಳು ಪಾರಾದರು. ಮೂಲ ಕಾರಣ ತುಕ್ಕಿನ ಗುಳಿಯೊಂದರಿಂದ ಹುಟ್ಟಿದ ದಣಿವಿನ ಬಿರುಕು. ಜೊತೆಗೆ, ತಯಾರಕರು ಸೂಚಿಸಿದ್ದಕ್ಕಿಂತ ಹೆಚ್ಚಿನ ಓವರ್‌ಹಾಲ್ ಅವಧಿಯನ್ನು ಸಾಕಷ್ಟು ದತ್ತಾಂಶ ಮತ್ತು ವಿಶ್ಲೇಷಣೆ ಇಲ್ಲದೆ ಇಟ್ಟುಕೊಂಡದ್ದೂ ಕುಸಿತಕ್ಕೆ ಪೂರಕವಾಯಿತು ಎಂದು ಅಮೆರಿಕದ ತನಿಖಾ ಮಂಡಳಿ ದಾಖಲಿಸಿತು. ಅವಧಿಯನ್ನು ವಿಸ್ತರಿಸುವ ಪ್ರಸ್ತಾವ ಮೇಜಿನ ಮೇಲೆ ಬಂದಾಗಲೆಲ್ಲ ಆ ವರದಿಯನ್ನು ಓದಿಕೊಂಡು ಬರಬೇಕೆಂದು ನಾನು ಒತ್ತಾಯಿಸುತ್ತೇನೆ.

ಇನ್ನು ದಾಖಲೆಯ ವಿಷಯ. “ತುಕ್ಕು ಕಂಡಿತು, ತೆಗೆಯಲಾಯಿತು” ಎಂಬ ಒಂದು ಸಾಲು ಮುಂದಿನ ಪರೀಕ್ಷಕರಿಗೆ ಯಾವ ಉಪಯೋಗಕ್ಕೂ ಬಾರದು. ಯಾವ ಲಗ್, ರಂಧ್ರದ ಯಾವ ದಿಕ್ಕು, ತೆಗೆಯುವ ಮುನ್ನ ಎಷ್ಟು ಆಳ, ತೆಗೆದ ಮೇಲೆ ಗೋಡೆಯ ದಪ್ಪ ಎಷ್ಟು ಉಳಿಯಿತು, ಬುಶ್ಶಿನ ಸೀಲಂಟ್ ಆಗ ಯಾವ ಸ್ಥಿತಿಯಲ್ಲಿತ್ತು, ಹೊರಬಂದ ಗ್ರೀಸ್ ಯಾವ ಬಣ್ಣದ್ದಿತ್ತು ಎಂಬಷ್ಟನ್ನು ಬರೆದಿಡಬೇಕು. ಗೇರಿನ ಭಾಗಗಳು ಒಂದೇ ವಿಮಾನಕ್ಕೆ ಅಂಟಿಕೊಂಡಿರುವುದಿಲ್ಲ. ಓವರ್‌ಹಾಲ್ ಮುಗಿಸಿ ಬೇರೊಂದು ವಿಮಾನಕ್ಕೆ, ಬೇರೊಂದು ಸಂಸ್ಥೆಗೆ ಹೋಗುತ್ತವೆ, ಮತ್ತು ಆಯುಸ್ಸಿನ ಮಿತಿಯುಳ್ಳ ಭಾಗಕ್ಕೆ ತಯಾರಾದ ದಿನದಿಂದ ಇಂದಿನವರೆಗಿನ ಇತಿಹಾಸವನ್ನು ತೋರಿಸಲಾಗದಿದ್ದರೆ ಲೋಹ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಬಳಸುವಂತಿಲ್ಲ. ಹಿಂದಿನ ಓವರ್‌ಹಾಲ್‌ನಲ್ಲಿ ಅದೇ ರಂಧ್ರದ ಅದೇ ದಿಕ್ಕಿನಲ್ಲಿ ಗುಳಿ ತೆಗೆದಿದ್ದರೆಂಬುದು ಆ ಕಾಗದದಿಂದ ತಿಳಿದಾಗ, ನಾನು ಮೊದಲು ಪರೀಕ್ಷಿಸುವುದು ಆ ಲಗ್‌ಗೆ ಹೊಂದಿದ ಗ್ರೀಸ್ ನಾಳವನ್ನು, ಆಮೇಲೆ ಅದರ ನೇರ ಮೇಲಿರುವ ನೀರು ಬಸಿಯುವ ರಂಧ್ರವನ್ನು.