ನಿಂತ ಕಾರಿಗೆ ಗುದ್ದಿ ಹೋದರೆ: ಮೊದಲು ಕ್ಯಾಮೆರಾ, ಆಮೇಲೆ ಕ್ಲೇಮ್

ಬೆಳಿಗ್ಗೆ ಗೇಟು ತೆಗೆದು ನೋಡಿದರೆ ಕಾರಿನ ಹಿಂದಿನ ಬಂಪರ್ ಒಳಗೆ ಹೋಗಿದೆ, ರಸ್ತೆಯ ಮೇಲೆ ಕೆಂಪು ಪ್ಲಾಸ್ಟಿಕ್ ಚೂರು ಬಿದ್ದಿದೆ. ಗುದ್ದಿದವರು ಒಂದು ಚೀಟಿಯನ್ನೂ ಇಟ್ಟು ಹೋಗಿಲ್ಲ. ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಬಹಳಷ್ಟು ಜನ ಬೀದಿಯ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕುತ್ತಾರೆ, ಇಲ್ಲವೇ ಸೀದಾ ಇನ್ಶೂರೆನ್ಸ್‌ಗೆ ಫೋನ್ ಮಾಡುತ್ತಾರೆ. ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇರೆಯೇ ಇದೆ. ಗುದ್ದಿದವರ ಸುಳಿವು ಗಂಟೆಗಂಟೆಗೂ ಅಳಿಸಿ ಹೋಗುತ್ತಿರುತ್ತದೆ. ದುಡ್ಡಿನ ಲೆಕ್ಕ ನಾಳೆಯವರೆಗೆ ಕಾಯುತ್ತದೆ.

ಮೊದಲು ಕಾರನ್ನು ಕದಲಿಸಬೇಡಿ, ಒರೆಸಬೇಡಿ. ದೂರದಿಂದ ನಾಲ್ಕು ಮೂಲೆಯ ಫೋಟೊ ತೆಗೆಯಿರಿ. ಪಕ್ಕದ ಮನೆ, ಕಂಬ, ಅಂಗಡಿ ಬೋರ್ಡು ಕಾಣುವಂತಿರಲಿ, ಜಾಗ ಯಾವುದೆಂದು ಸಾಬೀತು ಮಾಡುವುದು ಅವೇ. ಆಮೇಲೆ ಪೆಟ್ಟಿನ ಹತ್ತಿರ ಹೋಗಿ. ನೆಲದಿಂದ ಗೀರಿನ ಕೆಳಅಂಚು, ಮೇಲಂಚು ಎಷ್ಟು ಸೆಂಟಿಮೀಟರ್ ಎಂದು ಟೇಪ್ ಹಿಡಿದೇ ಫೋಟೊ ತೆಗೆಯಿರಿ. ಕಾರುಗಳ ಬಂಪರ್ ಮೊಣಕಾಲಿನ ಆಸುಪಾಸಿನಲ್ಲಿರುತ್ತದೆ. ಗೀರು ಸೊಂಟದ ಮಟ್ಟಕ್ಕಿದ್ದರೆ ಟೆಂಪೋ, ಲಾರಿಯ ಕಡೆ ಯೋಚಿಸಬೇಕು. ಹ್ಯಾಂಡಲ್ ಎತ್ತರದಲ್ಲಿ ಒಂದೇ ಸಣ್ಣ ಗೆರೆ ಎಳೆದಂತಿದ್ದರೆ ದ್ವಿಚಕ್ರ ವಾಹನ ಇರಬಹುದು.

ನಿಮ್ಮ ಬಣ್ಣದ ಮೇಲೆ ಬೇರೆ ಬಣ್ಣ ಅಂಟಿದ್ದರೆ ಅದು ಅವರ ಕಾರಿನದು. ಉದುರುವಂತಿರುವ ಚಕ್ಕೆಯನ್ನು ಕಾಗದದಲ್ಲಿ ಮಡಚಿಟ್ಟುಕೊಳ್ಳಿ. ನೆಲದ ಮೇಲಿನ ಚೂರುಗಳನ್ನು ಒಂದೊಂದಾಗಿ ನಿಮ್ಮ ಲ್ಯಾಂಪಿಗೆ ಹೊಂದಿಸಿ ನೋಡಿ. ಹೊಂದದೆ ಉಳಿದದ್ದು ಗುದ್ದಿದ ಗಾಡಿಯದು. ಅಂಥ ಚೂರಿನ ಹಿಂಬದಿಯಲ್ಲಿ ಎಷ್ಟೋ ಸಲ ಕಂಪನಿಯ ಗುರುತು, ಪಾರ್ಟ್ ನಂಬರಿನ ತುಣುಕು ಅಚ್ಚಾಗಿರುತ್ತದೆ. ಅನುಭವವಿರುವ ಸ್ಪೇರ್‌ಪಾರ್ಟ್ಸ್ ಅಂಗಡಿಯವರು ಅದನ್ನು ನೋಡಿ ಯಾವ ಮಾಡೆಲ್ಲಿನ ಇಂಡಿಕೇಟರ್ ಎಂದು ಹೇಳಿಬಿಡುತ್ತಾರೆ. ಪೌರಕಾರ್ಮಿಕರು ಗುಡಿಸುವ ಮೊದಲೇ ಇವನ್ನು ಆಯ್ದುಕೊಳ್ಳಬೇಕು.

ಇನ್ನು ಸಿಸಿಟಿವಿ. ಮನೆ, ಸಣ್ಣ ಅಂಗಡಿಗಳ ಡಿವಿಆರ್‌ಗಳು (ದೃಶ್ಯ ದಾಖಲಿಸುವ ಪೆಟ್ಟಿಗೆಗಳು) ಹಾರ್ಡ್ ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತವೆ. ಕೆಲವು ಕಡೆ ಒಂದು ವಾರವೂ ಉಳಿಯುವುದಿಲ್ಲ. ಹಾಗಾಗಿ ಅದೇ ದಿನ ಎರಡೂ ದಿಕ್ಕಿನ ಮನೆಗಳಿಗೆ ಹೋಗಿ ವಿನಯದಿಂದ ಕೇಳಿ. ಹೆಚ್ಚು ಜನ ಸೇರುವ ಮಾಲ್, ಆಸ್ಪತ್ರೆ, ಕಲ್ಯಾಣ ಮಂಟಪದಂಥ ಜಾಗವಾದರೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ನೆನಪಿರಲಿ: ಅಂಥ ಸಂಸ್ಥೆಗಳು ಕ್ಯಾಮೆರಾ ಹಾಕಿ ದೃಶ್ಯವನ್ನು 30 ದಿನ ಇಟ್ಟುಕೊಳ್ಳಬೇಕು, ಪೊಲೀಸರು ಕೇಳಿದರೆ ಕೊಡಬೇಕು. ನಿಮಗೇ ಕೊಡಲೇಬೇಕೆಂದೇನಿಲ್ಲ. ಆದ್ದರಿಂದ "ಇಂಥ ದಿನ, ಇಷ್ಟು ಗಂಟೆಯ ದೃಶ್ಯ ಅಳಿಸದಂತೆ ತೆಗೆದಿಡಿ, ಪೊಲೀಸರ ಮೂಲಕ ಕೇಳುತ್ತೇವೆ" ಎಂದು ಬರೆದುಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಹತ್ತು ಗಂಟೆಯ ರೆಕಾರ್ಡಿಂಗನ್ನು ಮೊದಲಿನಿಂದ ನೋಡುತ್ತಾ ಕೂತರೆ ಕ್ಯಾಮೆರಾ ಮನೆಯವರು ಬೇಸತ್ತು ಎದ್ದು ಹೋಗುತ್ತಾರೆ. ನಡುವಿನ ಹೊತ್ತಿಗೆ ಹೋಗಿ, ಬಂಪರ್ ಸರಿಯಿದೆಯೋ ಇಲ್ಲವೋ ಅಷ್ಟನ್ನೇ ನೋಡಿ. ಸರಿಯಿದ್ದರೆ ಪೆಟ್ಟು ಬಿದ್ದದ್ದು ಆಮೇಲೆ, ಹಾಳಾಗಿದ್ದರೆ ಅದಕ್ಕೂ ಮೊದಲು. ಉಳಿದರ್ಧದಲ್ಲೂ ಹೀಗೇ. ಐದು ಸಲ ಅರ್ಧ ಮಾಡಿದರೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕಿಂತ ಕಡಿಮೆಗೆ ಇಳಿಯುತ್ತದೆ. ಪೆಟ್ಟು ಕಾಣದ ಕೋನವಾದರೆ ಕಾರು ಸಣ್ಣಗೆ ಅಲುಗಿದ ಕ್ಷಣವನ್ನೋ, ಅಲಾರಂ ಹೊಡೆದು ಇಂಡಿಕೇಟರ್ ಮಿಟುಕಿದ್ದನ್ನೋ ಹುಡುಕಿ.

ಎಡವುವುದು ಮೂರು ಕಡೆ. ಡಿವಿಆರ್ ಗಡಿಯಾರ ಐದು ಹತ್ತು ನಿಮಿಷ ಹಿಂದೆ ಮುಂದೆ ಇರುತ್ತದೆ. ಅದರ ಪರದೆಯ ಸಮಯವೂ ನಿಮ್ಮ ಇನ್ನೊಂದು ಫೋನಿನ ಸಮಯವೂ ಒಟ್ಟಿಗೆ ಬರುವಂತೆ ಒಂದು ಫೋಟೊ ತೆಗೆದಿಡಿ. ಇಲ್ಲದಿದ್ದರೆ ಮುಂದಿನ ಬೀದಿಯ ಕ್ಯಾಮೆರಾದಲ್ಲಿ ತಪ್ಪು ಗಾಡಿಯ ಬೆನ್ನು ಹತ್ತುತ್ತೀರಿ. ಎರಡನೆಯದು, ಈಗಿನ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ನಂಬರು ಬಿಳಿ ಚೌಕವಾಗಿ ಸುಟ್ಟುಹೋದಂತೆ ಕಾಣಬಹುದು. ಆಗ ನಂಬರಿಗಾಗಿ ಕಣ್ಣು ನೋಯಿಸಿಕೊಳ್ಳದೆ ಹಿಂದಿನ ದೀಪದ ಆಕಾರ, ಛಾವಣಿಯ ಕ್ಯಾರಿಯರ್, ಗಾಜಿನ ಸ್ಟಿಕ್ಕರ್ ಗುರುತಿಟ್ಟುಕೊಂಡು, ಅದು ಹೋದ ದಿಕ್ಕಿನಲ್ಲಿ ಬೀದಿದೀಪದ ಕೆಳಗಿನ ಕ್ಯಾಮೆರಾ ಅಥವಾ ಪೆಟ್ರೋಲ್ ಬಂಕ್ ಹುಡುಕಿ. ಮೂರನೆಯದು, ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿಕೊಂಡು ಬಂದುಬಿಡುವುದು. ನಿಮ್ಮ ಕೈಗೆ ಅದು ಸಾಕು, ಕೋರ್ಟಿಗೆ ಸಾಲದು. ಪೆನ್‌ಡ್ರೈವಿಗೆ ಮೂಲ ಫೈಲನ್ನೇ ಎಕ್ಸ್‌ಪೋರ್ಟ್ ಮಾಡಿಸಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆಗೊಂದು ಪ್ರಮಾಣಪತ್ರವೂ ಬೇಕಾಗುತ್ತದೆ.

ನಂಬರ್ ಸಿಕ್ಕಿತೇ? ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ಮಾಡೆಲ್ ತಾಳೆ ನೋಡಿ. 8 ಮತ್ತು ಬಿ, 0 ಮತ್ತು ಡಿ ಅದಲುಬದಲಾಗುವುದು ಸಾಮಾನ್ಯ. ದೃಶ್ಯದಲ್ಲಿ ಹ್ಯಾಚ್‌ಬ್ಯಾಕ್ ಇದ್ದು ಆ್ಯಪ್ ಸ್ಕೂಟರ್ ತೋರಿಸಿದರೆ ನೀವು ಓದಿದ್ದು ತಪ್ಪು. ಮಾಲೀಕರ ಹೆಸರು ಅಲ್ಲಿ ಪೂರ್ತಿ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ನಂಬರನ್ನು ಗ್ರೂಪುಗಳಲ್ಲಿ ಹಂಚಬೇಡಿ, ಒಬ್ಬರೇ ಅವರ ಮನೆ ಬಾಗಿಲಿಗೆ ಹೋಗಬೇಡಿ. ಮಾಲೀಕರೇ ಓಡಿಸುತ್ತಿದ್ದರು ಎಂಬ ಖಾತ್ರಿಯೂ ಇಲ್ಲವಲ್ಲ. ಓಡಿಸಿದ್ದು ಯಾರೆಂದು ಮಾಲೀಕರನ್ನು ಕೇಳುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ ಪೊಲೀಸರಿಗಿದೆ.

ಬೆಂಗಳೂರಿನಲ್ಲಾದರೆ ದೂರು ಕೊಡುವುದು ಆ ಜಾಗದ ಟ್ರಾಫಿಕ್ ಪೊಲೀಸ್ ಠಾಣೆಯಲ್ಲಿ. ಟ್ರಾಫಿಕ್ ಠಾಣೆ ಇಲ್ಲದ ಊರಿನಲ್ಲಿ ಮಾಮೂಲಿ ಠಾಣೆ. ಒಂದೇ ಪುಟ ಸಾಕು: ಕಾರು ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲಿಸಿದ್ದು, ಯಾವಾಗ ನೋಡಿದ್ದು, ಏನೇನು ಹಾನಿ, ಯಾವ ಯಾವ ಕ್ಯಾಮೆರಾದಲ್ಲಿ ದೃಶ್ಯವಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಅನ್ನು ಹೆಸರಿಸಿಯೇ ಬರೆಯಿರಿ. ಬೇರೆಯವರ ಆಸ್ತಿಗೆ ಹಾನಿ ಮಾಡಿದ ಚಾಲಕ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು ಎನ್ನುತ್ತದೆ ಅದು. ತಿಳಿಸದೆ ಹೋದರೆ 187ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾರಿಗೂ ಗಾಯವಾಗಿಲ್ಲ, ಎಫ್‌ಐಆರ್ ಯಾಕೆ ಎಂದು ಠಾಣೆಯಲ್ಲಿ ಹೇಳಬಹುದು. ಜಗಳ ಬೇಡ. ದೂರು ಸ್ವೀಕರಿಸಿದ್ದಕ್ಕೆ ಹಿಂಬರಹವನ್ನಾದರೂ ಪಡೆಯದೆ ಎದ್ದು ಬರಬೇಡಿ.

ಈಗ ದುಡ್ಡಿನ ಲೆಕ್ಕ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಕಾರಿನ ರಿಪೇರಿಗೆ ಅದರಿಂದ ಒಂದು ರೂಪಾಯಿಯೂ ಬರದು. ನಿಮ್ಮ ಕಾರಿನ ಹಾನಿಗೂ ದುಡ್ಡು ಕೊಡುವ ಕಾಂಪ್ರಿಹೆನ್ಸಿವ್ ಇದ್ದರೂ ತಪ್ಪು ಯಾರದೇ ಆಗಿರಲಿ, ಕ್ಲೇಮ್ ಮಾಡಿದರೆ ನಿಮ್ಮ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯುತ್ತದೆ. ಅದನ್ನು ಕಾಪಾಡುವ ಆ್ಯಡ್‌ಆನ್ ಇದ್ದರೆ ಮಾತು ಬೇರೆ. ನನಗೆ ಇದು ಅನ್ಯಾಯವೆಂದೇ ಅನಿಸುತ್ತದೆ, ಆದರೆ ಲೆಕ್ಕ ಹಾಕುವಾಗ ಇದನ್ನು ಬಿಡುವಂತಿಲ್ಲ. ಬೋನಸ್ಸಿನ ಮೆಟ್ಟಿಲು 20, 25, 35, 45, 50 ಪ್ರತಿಶತ. ಈಗ 50ರಲ್ಲಿ ಇದ್ದೀರಿ, ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಪ್ರೀಮಿಯಂ ಬೋನಸ್ಸಿಗೆ ಮುಂಚೆ 12,000 ರೂಪಾಯಿ ಎಂದುಕೊಳ್ಳಿ. ಕ್ಲೇಮ್ ಮಾಡಿದರೆ ಸೊನ್ನೆಯಿಂದ ಮತ್ತೆ ಮೆಟ್ಟಿಲು ಹತ್ತಬೇಕು, ಹಾಗಾಗಿ ಮುಂದಿನ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು 50, 30, 25, 15, 5, ಒಟ್ಟು 125 ಪ್ರತಿಶತ, ಅಂದರೆ 15,000. ವರ್ಷ ಕಳೆದಂತೆ ಪ್ರೀಮಿಯಂ ಇಳಿದರೆ ಇದೂ ಒಂದಿಷ್ಟು ಇಳಿಯುತ್ತದೆ. ಮೇಲೆ 1,500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕ್ಲೇಮ್ ಮೊತ್ತದಿಂದ ಕಡ್ಡಾಯ ಕಡಿತ. ಜೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದ ಆ್ಯಡ್‌ಆನ್) ಇಲ್ಲದಿದ್ದರೆ ಪ್ಲಾಸ್ಟಿಕ್ ಬಂಪರಿನ ಅರ್ಧ ಬೆಲೆಯೂ ನಿಮ್ಮದೇ. ಇಂಥ ಕಾರಿಗೆ 9,000 ರೂಪಾಯಿಯ ಟಿಂಕರಿಂಗ್, ಪೇಂಟಿಂಗ್ ಬಿಲ್ಲಿಗಾಗಿ ಕ್ಲೇಮ್ ಮಾಡುವುದು ನಷ್ಟ.

ಆದರೆ ಪಾಲಿಸಿ ಘಟನೆಯನ್ನು ತಕ್ಷಣ ತಿಳಿಸಬೇಕು ಎನ್ನುತ್ತದೆ. ಹಾಗಾಗಿ ಎಸ್ಟಿಮೇಟ್ ಅದೇ ದಿನವೋ ಮರುದಿನವೋ ತೆಗೆಸಿ ತೀರ್ಮಾನಿಸಿ. ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವ ಮೊದಲು ರಿಪೇರಿ ಶುರುಮಾಡಿಸಬೇಡಿ. ಕ್ಲೇಮ್ ಫಾರಂನಲ್ಲಿ "ಗೇಟಿಗೆ ತಾಗಿತು ಅಂತ ಬರೀರಿ ಸಾರ್, ಬೇಗ ಆಗುತ್ತೆ" ಎಂದು ಗ್ಯಾರೇಜಿನಲ್ಲಿ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಪೆಟ್ಟಿನ ಎತ್ತರಕ್ಕೂ ಅಂಟಿದ ಬಣ್ಣಕ್ಕೂ ಗೇಟಿನ ಕಥೆ ಹೊಂದುವುದಿಲ್ಲ, ಸುಳ್ಳು ಹೇಳಿಕೆ ಎಂದು ಕ್ಲೇಮ್ ತಿರಸ್ಕರಿಸಲು ಅದೇ ಸಾಕು. "ನಿಲ್ಲಿಸಿದ್ದ ವಾಹನಕ್ಕೆ ಅಪರಿಚಿತ ವಾಹನ ಗುದ್ದಿದೆ, ಒಳಗೆ ಯಾರೂ ಇರಲಿಲ್ಲ" ಎಂದು ಇದ್ದದ್ದನ್ನೇ ಬರೆಯಿರಿ.

ಗುದ್ದಿದವರು ಸಿಕ್ಕಿ, ದುಡ್ಡು ಕೊಡುತ್ತೇವೆ ಎಂದರೆ ಬಹುಪಾಲು ಸಂದರ್ಭದಲ್ಲಿ ಅದೇ ಒಳ್ಳೆಯ ದಾರಿ. ಅವರ ವಿಮಾ ಕಂಪನಿಯಿಂದ ವಸೂಲಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಒಂದು ಬಂಪರಿಗೆ ಆ ಓಡಾಟ ಹೆಚ್ಚಾಯಿತು. ಆದರೆ ರಸ್ತೆಯಲ್ಲೇ ನಿಂತು ಮೊತ್ತ ಹೇಳಬೇಡಿ. ಬಂಪರಿನ ಹೊರಚರ್ಮ ಬಗ್ಗಿ ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಒಳಗೆ ಕ್ಲಿಪ್ಪು, ಬ್ರ್ಯಾಕೆಟ್, ಲ್ಯಾಂಪಿನ ಕಿವಿ, ಪಾರ್ಕಿಂಗ್ ಸೆನ್ಸರ್ ಮುರಿದಿರುತ್ತವೆ. ಡಿಕ್ಕಿಯ ಬಾಗಿಲಿನ ಎರಡೂ ಬದಿಯ ಸಂದಿಯಲ್ಲಿ ಬೆರಳಾಡಿಸಿ, ಒಂದು ಕಡೆ ಅಗಲ ಒಂದು ಕಡೆ ಬಿಗಿ ಇದ್ದರೆ ತಗಡು ಸರಿದಿದೆ, ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಚಕ್ರಕ್ಕೆ ಪೆಟ್ಟಾಗಿದ್ದರೆ ಅಲೈನ್‌ಮೆಂಟ್ ನೋಡಿಸಿ. ಆಟೊಮ್ಯಾಟಿಕ್ ಕಾರನ್ನು ಹ್ಯಾಂಡ್‌ಬ್ರೇಕ್ ಹಾಕದೆ ಬರೀ ಪಾರ್ಕಿಂಗ್ ಗೇರಿನಲ್ಲಿ ಬಿಟ್ಟಿದ್ದರೆ ತಳ್ಳಿದ ಪೆಟ್ಟು ಗೇರ್‌ಬಾಕ್ಸಿನೊಳಗಿನ ಸಣ್ಣ ಕೊಂಡಿಯ ಮೇಲೆ ಬಿದ್ದಿರುತ್ತದೆ, ಅದನ್ನೂ ಪರೀಕ್ಷಿಸಬೇಕು. ಗ್ಯಾರೇಜಿನಲ್ಲಿ ಬಂಪರ್ ಬಿಚ್ಚಿಸಿ, ಸಾಧ್ಯವಾದರೆ ಅವರೂ ಎದುರಿಗಿರುವಾಗಲೇ ಎಸ್ಟಿಮೇಟ್ ಬರೆಸಿ. ಯುಪಿಐ ಮೂಲಕ ದುಡ್ಡು ಬಂದ ಮೇಲೆ, ಎರಡೂ ಗಾಡಿಯ ನಂಬರ್, ದಿನಾಂಕ, ಮೊತ್ತ ಬರೆದ ಕಾಗದಕ್ಕೆ ಸಹಿ ಹಾಕಿ.